ತಲೆಕೆಳಗಾಗಿ ಹಾರುವ ವಿಮಾನದ ಪೆಟ್ರೋಲ್ ಕೊಳವೆಯೂ ನಮ್ಮ ದಾಸ್ತಾನು ಪುಸ್ತಕವೂ

ಲೆಕ್ಕಪರಿಶೋಧಕನೊಬ್ಬನು ವಿಮಾನದ ಪೆಟ್ರೋಲ್ ಟ್ಯಾಂಕಿನ ಕುರಿತು ಬರೆಯಲು ಹೊರಟರೆ ಈ ಪತ್ರಿಕೆಯ ಓದುಗರಿಗೆ ತುಸು ವಿಚಿತ್ರವೆನಿಸಬಹುದು. ಆದರೆ ಕಳೆದ ಕೆಲವು ವರ್ಷಗಳಿಂದ ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ದಿಮೆದಾರರ ಬಾಯಲ್ಲಿ ‘ಏರೋಸ್ಪೇಸ್ ಆರ್ಡರ್’ ಎಂಬ ಮಾತು ಹೆಚ್ಚು ಹೆಚ್ಚಾಗಿ ಕೇಳಿಬರುತ್ತಿದೆ. ದಟ್ಟಗಳ್ಳಿಯ ನನ್ನ ಕಚೇರಿಗೆ ಯೋಜನಾ ವರದಿ ಮಾಡಿಸಲು ಬರುವವರಲ್ಲಿಯೂ ಹಲವರ ಕಣ್ಣು ಆ ಕಡೆಗೆ ಇದೆ. ಸಂತೋಷದ ವಿಷಯ. ಆದರೆ ಇವರಲ್ಲಿ ಹೆಚ್ಚಿನವರು ಬ್ಯಾಂಕಿನ ಸಾಲ, ಸಿಎನ್‌ಸಿ ಯಂತ್ರದ ಬೆಲೆ, ಸಹಾಯಧನ ಇಷ್ಟನ್ನೇ ಲೆಕ್ಕ ಹಾಕಿಕೊಂಡು ಬರುತ್ತಾರೆ. ಆ ಉದ್ಯಮದಲ್ಲಿ ಒಂದು ಮೊಳ ರಬ್ಬರ್ ಕೊಳವೆಯ ಬೆಲೆ ಎಷ್ಟು, ಅದರ ಹೊಣೆ ಎಷ್ಟು ಎಂಬುದನ್ನು ಯಾರೂ ಕೇಳುವುದಿಲ್ಲ. ಅದನ್ನು ತಿಳಿಯಲು ಕಸರತ್ತಿನ ವಿಮಾನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಮೈಸೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಮ್ಮ ಊರಿನ ಹೆಸರನ್ನು ದೇಶದ ರಸ್ತೆಗಳಲ್ಲೆಲ್ಲ ಓಡಿಸಿತು. ಜಾವಾ ಅಥವಾ ಯೆಜ್ಡಿ ಬೈಕಿನಲ್ಲಿ ಪೆಟ್ರೋಲು ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ತನ್ನ ತೂಕದಿಂದಲೇ ಇಳಿಯುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಒಂದು ತೇಲುಬುರುಡೆ ಇರುತ್ತದೆ. ಪೆಟ್ರೋಲು ಏರಿದಂತೆ ಅದು ಏರಿ ಸೂಜಿಯಿಂದ ದಾರಿ ಮುಚ್ಚುತ್ತದೆ, ಇಳಿದಂತೆ ತೆರೆಯುತ್ತದೆ. ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿನ ಬಾಲ್ ಕಾಕ್ ಮಾಡುವ ಕೆಲಸವೇ ಇದು. ಬೈಕು ಅಡ್ಡ ಬಿದ್ದರೆ ಏನಾಗುತ್ತದೆಂಬುದನ್ನು ಓಡಿಸಿದವರೆಲ್ಲ ಕಂಡಿದ್ದಾರೆ: ಪೆಟ್ರೋಲು ಹೊರಗೆ ಚೆಲ್ಲುತ್ತದೆ, ಎಂಜಿನ್ ನಿಲ್ಲುತ್ತದೆ. ಸಾಧಾರಣ ಸಣ್ಣ ವಿಮಾನಗಳು ಅನೇಕವು ಇದೇ ಏರ್ಪಾಟಿನಿಂದ ಹಾರುತ್ತವೆ. ನೇರವಾಗಿ ಹಾರುವವರೆಗೆ ತೊಂದರೆಯಿಲ್ಲ. ಮಗುಚಿದ ಕೂಡಲೇ ಕೆಳಗಿದ್ದದ್ದು ಮೇಲಾಗುತ್ತದೆ. ಪೆಟ್ರೋಲು ಬಟ್ಟಲಿನ ಮೇಲ್ಭಾಗಕ್ಕೆ ಹೋಗಿ ಜೆಟ್ಟಿನ ಬಾಯಿ ಒಣಗುತ್ತದೆ; ಎಂಜಿನ್ ಬಡಕಲಾಗುತ್ತದೆ. ಮರುಕ್ಷಣ ತೇಲುಬುರುಡೆ ತಪ್ಪು ದಿಕ್ಕಿಗೆ ಸರಿದು ಸೂಜಿ ಪೂರ್ತಿ ತೆರೆದುಕೊಂಡು, ಪಂಪು ಇದ್ದರೆ ಅದು ಪೆಟ್ರೋಲನ್ನು ಸುರಿದು ಎಂಜಿನ್ನನ್ನು ಮುಳುಗಿಸುತ್ತದೆ. ಮೊದಲು ಹಸಿವಿನಿಂದ, ಆಮೇಲೆ ಅಜೀರ್ಣದಿಂದ ಎರಡು ಬಾರಿ ಸಾಯುವ ಎಂಜಿನ್ ಇದು.

ಇದು ಕೇವಲ ಹವ್ಯಾಸಿಗಳ ತೊಂದರೆಯಲ್ಲ. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್ನುಗಳಿಗೆ ಇದೇ ಕಾಯಿಲೆ ಇತ್ತು. ಜರ್ಮನರ ಮೆಸರ್‌ಸ್ಮಿಟ್ ವಿಮಾನದ ಎಂಜಿನ್ನಿಗೆ ನೇರ ಇಂಧನ ಚುಚ್ಚುವ ಪದ್ಧತಿ ಇದ್ದುದರಿಂದ ಅದು ಮೂಗು ತಗ್ಗಿಸಿ ಥಟ್ಟನೆ ಧುಮುಕಿದರೆ ಬೆನ್ನಟ್ಟುವ ಬ್ರಿಟಿಷ್ ವಿಮಾನ ಕೆಮ್ಮುತ್ತ ಹಿಂದೆ ಉಳಿಯುತ್ತಿತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್ ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ನಡುವೆ ತೂತಿರುವ ಒಂದು ಸಣ್ಣ ಲೋಹದ ಬಿಲ್ಲೆ. ಎಂಜಿನ್ನಿಗೆ ಗರಿಷ್ಠ ಎಷ್ಟು ಇಂಧನ ಬೇಕೋ ಅಷ್ಟೇ ಹರಿಯುವಂತೆ ತೂತಿನ ಅಳತೆ. ಅದನ್ನು ತಯಾರಿಸಲು ಲೇತ್ ಯಂತ್ರವೊಂದು ಸಾಕು. ನಮ್ಮಲ್ಲಿ ಯಾವ ವರ್ಕ್‌ಷಾಪಿನವರೂ ಮಾಡಬಲ್ಲರು. ಅದು ಬಹುಹೊತ್ತು ತಲೆಕೆಳಗಾಗಿ ಹಾರಲು ಅನುವು ಮಾಡಿಕೊಡಲಿಲ್ಲ. ಎಂಜಿನ್ ಮುಳುಗಿ ನಿಲ್ಲುವುದನ್ನು ಮಾತ್ರ ತಡೆಯಿತು. ಯುದ್ಧಕಾಲಕ್ಕೆ ಅಷ್ಟು ಸಾಕಾಯಿತು.

ಮನೆಯಲ್ಲಿಯೇ ವಿಮಾನ ಕಟ್ಟಿ ಆಕಾಶದಲ್ಲಿ ಲಾಗ ಹಾಕುವ ಹವ್ಯಾಸಿಗೆ ಅಷ್ಟು ಸಾಲದು. ಅವನು ನಿಮಿಷಗಟ್ಟಲೆ ತಲೆಕೆಳಗಾಗಿ ಇರಬೇಕು. ಅವನ ಮುಂದೆ ಇರುವ ದಾರಿಗಳನ್ನು ನಾನು ಓದಿ ತಿಳಿದ ಮಟ್ಟಿಗೆ ಹೇಳುತ್ತೇನೆ. ಮೊದಲು ತೇಲುಬುರುಡೆಯ ಕಾರ್ಬ್ಯುರೇಟರನ್ನು ಕಿತ್ತುಹಾಕಬೇಕು. ಅದರ ಬದಲು ಒತ್ತಡದ ಕಾರ್ಬ್ಯುರೇಟರೋ, ಗಾಳಿಯ ಹರಿವನ್ನು ಅಳೆದು ಇಂಧನ ಚುಚ್ಚುವ ಇಂಜೆಕ್ಷನ್ ವ್ಯವಸ್ಥೆಯೋ ಬೇಕು. ಇದಕ್ಕೆ ಎಂಜಿನ್ನೇ ನಡೆಸುವ ಒಂದು ಪಂಪು, ಅದು ಕೈಕೊಟ್ಟರೆ ವಿದ್ಯುತ್ತಿನಿಂದ ನಡೆಯುವ ಇನ್ನೊಂದು. ಹಣ ಕೊಟ್ಟರೆ ಇವೆಲ್ಲ ಅಂಗಡಿಯಲ್ಲಿ ಸಿಗುವ ವಸ್ತುಗಳು. ಹೊಸ ಎಲೆಕ್ಟ್ರಾನಿಕ್ ಇಂಜೆಕ್ಷನ್ನನ್ನೂ ಈಗ ಹಲವರು ಹಾಕುತ್ತಾರೆ. ಆದರೆ ಅದಕ್ಕೆ ಎಂದೂ ಕೈಬಿಡದ ವಿದ್ಯುತ್ತು ಬೇಕು, ಉಳಿದ ಇಂಧನ ಟ್ಯಾಂಕಿಗೆ ಮರಳುವ ದಾರಿಯೂ ಬೇಕು. ನಿಜವಾದ ಇಕ್ಕಟ್ಟು ಇರುವುದು ಟ್ಯಾಂಕಿನಲ್ಲಿ. ಪಂಪು ಎಷ್ಟೇ ಒಳ್ಳೆಯದಾದರೂ ಅದರ ಬಾಯಿಗೆ ಪೆಟ್ರೋಲಿನ ಬದಲು ಗಾಳಿ ಸಿಕ್ಕರೆ ಎಂಜಿನ್ ನಿಲ್ಲುತ್ತದೆ.

ಇದಕ್ಕಾಗಿ ಹುಟ್ಟಿದ ವಸ್ತು ಫ್ಲಾಪ್ ಟ್ಯೂಬ್. ಹೆಸರು ದೊಡ್ಡದು, ವಸ್ತು ಸಣ್ಣದು: ಟ್ಯಾಂಕಿನೊಳಗೆ ಒಂದು ತುದಿಯನ್ನು ಬಿಗಿದು ಇನ್ನೊಂದು ತುದಿಗೆ ಲೋಹದ ತೂಕ ಕಟ್ಟಿದ ಮೆದುಕೊಳವೆ. ವಿಮಾನ ಮಗುಚಿದಾಗ ಪೆಟ್ರೋಲು ಯಾವ ಕಡೆಗೆ ಬೀಳುತ್ತದೆಯೋ ತೂಕವೂ ಅದೇ ಕಡೆಗೆ ಬೀಳುತ್ತದೆ. ಕೊಳವೆಯ ಬಾಯಿ ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ಪಿಟ್ಸ್ ಸ್ಪೆಷಲ್ ಎಂಬ ಹೆಸರಾಂತ ಪುಟ್ಟ ಜೋಡಿರೆಕ್ಕೆಯ ವಿಮಾನದಲ್ಲಿ ಎಂಜಿನ್ನಿಗೂ ಚಾಲಕನಿಗೂ ನಡುವೆ ಒಂದೇ ಟ್ಯಾಂಕು, ಅದರೊಳಗೆ ಈ ಕೊಳವೆ. ವ್ಯವಸ್ಥೆಯಾಗಿ ನೋಡಿದರೆ ಇದಕ್ಕಿಂತ ಸರಳವಾದುದಿಲ್ಲ. ಆದರೆ ಅಪಘಾತವಾದರೆ ಚಾಲಕನು ತನ್ನ ಮೊಣಕಾಲಿನ ಮುಂದೆಯೇ ಪೆಟ್ರೋಲು ಇಟ್ಟುಕೊಂಡಂತಾಯಿತು. ರೆಕ್ಕೆಯಲ್ಲಿ ಟ್ಯಾಂಕು ಇರುವ ವಿಮಾನಗಳಲ್ಲಿ ಎರಡು ಪದ್ಧತಿಗಳಿವೆ. ಒಂದು, ಒಂದು ರೆಕ್ಕೆಯ ಟ್ಯಾಂಕಿನಲ್ಲಿ ಮಾತ್ರ ಫ್ಲಾಪ್ ಟ್ಯೂಬ್ ಹಾಕಿ, ಕಸರತ್ತು ಮಾಡುವಾಗ ಆ ಟ್ಯಾಂಕನ್ನೇ ಬಳಸುವುದು. ರೆಕ್ಕೆಯ ಟ್ಯಾಂಕು ಅಗಲವಾಗಿ ತೆಳ್ಳಗಿರುವುದರಿಂದ ಕೊಳವೆ ಒಳಗಿನ ಅಡ್ಡಗೋಡೆಗೆ ಸಿಕ್ಕಿಹಾಕಿಕೊಳ್ಳುವ ಭಯವುಂಟು. ಪೆಟ್ರೋಲು ಕಡಿಮೆಯಿದ್ದರೆ ಅದು ಬಾಯಿಯಿಂದ ದೂರ ಹರಿದುಹೋಗುವುದೂ ಉಂಟು. ಇನ್ನೊಂದು, ದೇಹದೊಳಗೆ ಹೆಡರ್ ಟ್ಯಾಂಕು ಎಂಬ ಸಣ್ಣ ಡಬ್ಬಿ ಇಟ್ಟು, ಮುಖ್ಯ ಟ್ಯಾಂಕಿನಿಂದ ಅದಕ್ಕೆ ತುಂಬಿಸಿ, ಹಿಂದಕ್ಕೆ ಹರಿಯದಂತೆ ನಾನ್-ರಿಟರ್ನ್ ವಾಲ್ವ್ ಹಾಕಿ, ಫ್ಲಾಪ್ ಟ್ಯೂಬನ್ನು ಅದರೊಳಗೆ ಇಡುವುದು. ತಲೆಕೆಳಗಾಗಿರುವಾಗ ಎಂಜಿನ್ ಆ ಡಬ್ಬಿಯಿಂದಲೇ ಕುಡಿಯಬೇಕು. ಗಂಟೆಗೆ 60 ಲೀಟರ್ ಕುಡಿಯುವ ಎಂಜಿನ್ ನಿಮಿಷಕ್ಕೆ ಒಂದು ಲೀಟರ್ ಕುಡಿಯುತ್ತದೆ. ಡಬ್ಬಿ 8 ಲೀಟರಿನದಾದರೆ ಎಂಟು ನಿಮಿಷ. ಇದು ನಮ್ಮ ದುಡಿಯುವ ಬಂಡವಾಳದ ಲೆಕ್ಕದಂತೆಯೇ ಇದೆ, ಮತ್ತು ಅಷ್ಟೇ ನಿಷ್ಠುರವಾದುದು.

ಇನ್ನೊಂದು ಸಣ್ಣ ವಿಷಯವನ್ನು ಹೇಳದಿದ್ದರೆ ತಪ್ಪಾದೀತು. ಟ್ಯಾಂಕಿಗೆ ಗಾಳಿಯಾಡುವ ಒಂದು ಕಿಂಡಿ ಬೇಕು. ಇಲ್ಲದಿದ್ದರೆ ಪೆಟ್ರೋಲು ಹರಿಯದು. ಆ ಕಿಂಡಿ ಸಾಮಾನ್ಯವಾಗಿ ಮೇಲಿರುತ್ತದೆ. ಮಗುಚಿದಾಗ ಅದು ಕೆಳಗಾಗಿ ಪೆಟ್ರೋಲು ಅದರಿಂದಲೇ ಸುರಿದುಹೋಗುತ್ತದೆ. ಆದ್ದರಿಂದ ಗಾಳಿಯ ಕೊಳವೆಯನ್ನು ಟ್ಯಾಂಕಿನ ಸುತ್ತ ಸುತ್ತಿಸಿ ಎದುರು ಭಾಗದಲ್ಲಿ ಬಿಡಬೇಕು. ಎಣ್ಣೆಗೂ ಇದೇ ರೀತಿಯ ಪ್ರತ್ಯೇಕ ಏರ್ಪಾಟು ಬೇಕು, ಅದರ ವಿಸ್ತಾರ ಇಲ್ಲಿ ಬೇಡ.

ಇಷ್ಟನ್ನು ಹೇಳಿದ್ದು ಏಕೆಂದರೆ, ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ವಸ್ತುವೇ ಅತ್ಯಂತ ಅಪಾಯದ ವಸ್ತು. ಪೆಟ್ರೋಲಿನಲ್ಲಿ ಸದಾ ಮುಳುಗಿರುವ ರಬ್ಬರ್ ಕೊಳವೆ ವರ್ಷಗಳು ಕಳೆದಂತೆ ಗಡುಸಾಗುತ್ತದೆ. ಗಡುಸಾದದ್ದು ಬಾಗುವುದಿಲ್ಲ; ತೂಕ ಬೀಳಬೇಕಾದ ಕಡೆಗೆ ಬೀಳುವುದಿಲ್ಲ. ನೇರವಾಗಿ ಹಾರುವಾಗ ಅದರ ಲಕ್ಷಣವೇ ತೋರುವುದಿಲ್ಲ. ಮಗುಚಿದಾಗ ಮಾತ್ರ ತಿಳಿಯುತ್ತದೆ, ತಿಳಿಯುವಷ್ಟರಲ್ಲಿ ಎಂಜಿನ್ ನಿಂತಿರುತ್ತದೆ. ಇದರ ಮೇಲೆ ಎಥನಾಲಿನ ಸಮಸ್ಯೆ ಬೇರೆ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತಿದೆ. ಅದು ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನು ಹೀರಿಕೊಳ್ಳುತ್ತದೆ. ವಿಮಾನದ ಪೆಟ್ರೋಲಾದ ಅವ್‌ಗ್ಯಾಸ್ ಬೇರೆಯೇ ಸರಕು. ಬಹುಕಾಲ ಹೊರದೇಶದಿಂದಲೇ ಬರುತ್ತಿದ್ದ ಅದನ್ನು 2022ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ತನ್ನ ವಡೋದರದ ಸಂಸ್ಕರಣಾಗಾರದಲ್ಲಿ ತಯಾರಿಸಲು ತೊಡಗಿತು. ಬಂಕಿನ ಪೆಟ್ರೋಲಿಗೆ ಮಾಡಿದ ಕೊಳವೆಯೂ ವಿಮಾನಕ್ಕೆ ಮಾಡಿದ ಕೊಳವೆಯೂ ಕಣ್ಣಿಗೆ ಒಂದೇ ರೀತಿ ಕರಿಯಾಗಿ ಕಾಣುವುದೇ ವ್ಯಾಪಾರದಲ್ಲಿ ತೊಡಕಿನ ಮೂಲ.

ಇಂಧನ ವ್ಯವಸ್ಥೆಯ ದೋಷಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರೊಡನೆ ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಬಂಡವಾಳವನ್ನೂ ನೆಲವನ್ನೂ ಕೊಟ್ಟು ಬೆಂಗಳೂರಿನಲ್ಲಿ ಹುಟ್ಟುಹಾಕಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯೇ ಇಂದಿನ ಎಚ್‌ಎಎಲ್. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲು ಹಾರಿತು. ಅದರ ನಂತರದ ಪೀಳಿಗೆಯದು 1977ರಲ್ಲಿ ಹಾರಿದ ಎಚ್‌ಪಿಟಿ-32 ದೀಪಕ್. ಅದರ ಎಂಜಿನ್ನಿನ ಹೆಸರು ಎಇಐಒ-540: ಮೊದಲೆರಡು ಅಕ್ಷರಗಳು ಕಸರತ್ತಿಗೆ ತಕ್ಕುದೆಂದೂ, ಮುಂದಿನದು ಇಂಜೆಕ್ಷನ್ ಉಂಟೆಂದೂ ಹೇಳುತ್ತವೆ. ಅಂದರೆ ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೂ ಹಾರಾಟದ ನಡುವೆ ಎಂಜಿನ್ ನಿಲ್ಲುವುದು ಆ ವಿಮಾನದ ಬಿಡದ ಕಾಯಿಲೆಯಾಯಿತು. ಇಂಧನ ವ್ಯವಸ್ಥೆಯತ್ತ ಬೊಟ್ಟು ಮಾಡಲಾಯಿತು. 17 ಅಪಘಾತಗಳಲ್ಲಿ 19 ಮಂದಿ ಚಾಲಕರು ಮಡಿದರೆಂದು ವರದಿಯಾಗಿದೆ. 2009ರ ಜುಲೈ 31ರಂದು ಮೇದಕ್ ಜಿಲ್ಲೆಯಲ್ಲಿ ಇಬ್ಬರು ಬೋಧಕ ಚಾಲಕರು ತೀರಿಕೊಂಡ ಬಳಿಕ ಇಡೀ ಪಡೆಯನ್ನೇ ನೆಲಕ್ಕಿಳಿಸಲಾಯಿತು. ಇಡೀ ವಿಮಾನವನ್ನೇ ಕೆಳಗಿಳಿಸುವ ಪ್ಯಾರಾಚೂಟು ಅಳವಡಿಸುವ ಆಲೋಚನೆಯೂ ನಡೆಯಿತು. ದೀಪಕ್ ಮತ್ತೆ ತರಬೇತಿಗೆ ಬರಲಿಲ್ಲ.

ಅನಂತರದ ಲೆಕ್ಕ ನೋಡಿ. ಹೊಸ ಅಭ್ಯರ್ಥಿಗಳನ್ನು ಕೆಲವು ವರ್ಷ ನೇರವಾಗಿ ಕಿರಣ್ ಜೆಟ್ ವಿಮಾನಗಳಲ್ಲೇ ಕಲಿಸಬೇಕಾಯಿತು. 2012ರ ಮೇ ತಿಂಗಳಲ್ಲಿ ಸ್ವಿಟ್ಸರ್ಲೆಂಡಿನ ಪಿಲಾಟಸ್ ಸಂಸ್ಥೆಯಿಂದ 75 ವಿಮಾನಗಳನ್ನು ಸುಮಾರು 2,900 ಕೋಟಿ ರೂಪಾಯಿಗೆ ಕೊಳ್ಳಲಾಯಿತು. 2023ರ ಮಾರ್ಚಿನಲ್ಲಿ ಎಚ್‌ಎಎಲ್‌ನ ಎಚ್‌ಟಿಟಿ-40 ಮಾದರಿಯ 70 ವಿಮಾನಗಳಿಗೆ 6,828 ಕೋಟಿ ರೂಪಾಯಿಗಳ ಮಂಜೂರಾತಿ ಸಿಕ್ಕಿತು. ಈ ಎರಡು ಮೊತ್ತಗಳನ್ನು ವಿಮಾನದ ಸಂಖ್ಯೆಯಿಂದ ಭಾಗಿಸಿ ದೇಶಿ ದುಬಾರಿ, ವಿದೇಶಿ ಅಗ್ಗ ಎನ್ನುವವರಿದ್ದಾರೆ. ಹನ್ನೊಂದು ವರ್ಷಗಳ ಅಂತರ, ರೂಪಾಯಿಯ ಮೌಲ್ಯ, ಜೊತೆಗೆ ಬರುವ ಉಪಕರಣಗಳು ಇವನ್ನೆಲ್ಲ ಬಿಟ್ಟು ಮಾಡಿದ ಭಾಗಾಕಾರಕ್ಕೆ ನಾನು ಸಹಿ ಹಾಕಲಾರೆ. ಆದರೆ ದೀಪಕ್ ನಂಬಿಕೆಗೆ ಅರ್ಹವಾಗಿ ಉಳಿದಿದ್ದರೆ 2009ರಲ್ಲಿ ಅಷ್ಟು ಅವಸರದಿಂದ ಹೊರದೇಶದ ಬಾಗಿಲು ತಟ್ಟಬೇಕಾಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಸಣ್ಣ ಘಟಕಗಳಿಗೆ ಬರಬಹುದಾಗಿದ್ದ ಬಿಡಿಭಾಗದ ವ್ಯಾಪಾರ ಎಷ್ಟು ವರ್ಷ ಹಿಂದಕ್ಕೆ ಹೋಯಿತೆಂಬುದನ್ನು ಯಾವ ಆಯವ್ಯಯ ಪಟ್ಟಿಯೂ ತೋರಿಸುವುದಿಲ್ಲ.

ಮನೆಯಲ್ಲಿ ಕಟ್ಟುವ ವಿಮಾನದ ಮಾರುಕಟ್ಟೆ ನಮ್ಮ ದೇಶದಲ್ಲಿ ಇನ್ನೂ ಅಂಬೆಗಾಲಿಡುತ್ತಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1980ರ ದಶಕದಲ್ಲಿ ಅಮೆರಿಕದ ಬರ್ಟ್ ರುಟಾನ್ ಅವರ ಲಾಂಗ್-ಈಜಿ ಎಂಬ ಗೃಹನಿರ್ಮಿತ ವಿಮಾನದ ವಿನ್ಯಾಸವನ್ನು ಆಧರಿಸಿ ಒಂದು ಹಗುರ ವಿಮಾನವನ್ನು ಕಟ್ಟಿ ಹಾರಿಸಿತ್ತು. ಮುಂಬಯಿಯ ಕಾಂದಿವಲಿಯಲ್ಲಿ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದ ಕ್ಯಾಪ್ಟನ್ ಅಮೋಲ್ ಯಾದವ್ ಅವರಿಗೆ ಅದರ ನೋಂದಣಿ ದೊರೆತದ್ದು 2017ರಲ್ಲಿ, ಹಾರಿಸಲು ಪರವಾನಗಿ ದೊರೆತದ್ದು 2019ರಲ್ಲಿ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಇದೊಂದು ದೊಡ್ಡ ಉದ್ಯಮ. ಅಲ್ಲಿ ಅದು ಬೆಳೆದ ಕಾರಣವೂ ನಮಗೆ ಪಾಠವಾಗುವಂಥದು. ಮೊಕದ್ದಮೆಗಳ ಹೊರೆಗೆ ಬೇಸತ್ತು ಸೆಸ್ನಾ ಸಂಸ್ಥೆ 1986ರಲ್ಲಿ ಸಣ್ಣ ಪಿಸ್ಟನ್ ವಿಮಾನಗಳ ತಯಾರಿಯನ್ನೇ ನಿಲ್ಲಿಸಿತು. ತಯಾರಕರ ಹೊಣೆಗೆ 18 ವರ್ಷಗಳ ಮಿತಿ ಹಾಕಿದ ಕಾನೂನು 1994ರಲ್ಲಿ ಬಂದ ಮೇಲಷ್ಟೇ ಮತ್ತೆ ಆರಂಭಿಸಿತು. ಕಿಟ್ ವಿಮಾನವನ್ನಾದರೋ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕೊಂಡವನೇ ಮಾಡಬೇಕು. ತಯಾರಕನೆಂಬ ಹೆಸರೂ ಅವನದೇ.

ಆದರೆ ಬಿಡಿಭಾಗ ಮಾರುವವನು ಪೂರ್ತಿ ಪಾರಾದನೆಂದು ತಿಳಿಯಬಾರದು. ಆ ಉದ್ಯಮದಲ್ಲಿ ಬಹು ದೊಡ್ಡ ಹೆಸರಾದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆ ಬೇಡಿಕೆ ಏರಿದಾಗ ತಗಡಿನ ಭಾಗಗಳ ರಂಧ್ರಗಳನ್ನು ಪಂಚ್ ಮಾಡುವ ಬದಲು ಲೇಸರ್‌ನಿಂದ ಕತ್ತರಿಸಿ ಕಳುಹಿಸಿತು. ಕೊಂಡವರು ರಿವೆಟ್ ಕೂರಿಸಲು ರಂಧ್ರದ ಅಂಚನ್ನು ತಗ್ಗಿಸಿದಾಗ ಬಿರುಕು ಕಾಣಿಸಿತು. ಭಾಗಗಳನ್ನು ಬದಲಾಯಿಸಿಕೊಡುವ ಹೊರೆ, ಇತರ ನಷ್ಟಗಳು ಸೇರಿ 2023ರ ಡಿಸೆಂಬರಿನಲ್ಲಿ ಆ ಸಂಸ್ಥೆ ದಿವಾಳಿ ಸಂರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೊಕ್ಕಿತು. ಮುಂಗಡ ಕೊಟ್ಟು ಕಾಯುತ್ತಿದ್ದವರೂ ಹೆಚ್ಚಿದ ಬೆಲೆಗೆ ಒಪ್ಪಬೇಕಾಯಿತು. 2024ರಲ್ಲಿ ಅದು ಚೇತರಿಸಿಕೊಂಡಿತು. ನಮ್ಮ ಸಣ್ಣ ಘಟಕಗಳಿಗೆ ಅಂಥ ಎರಡನೆಯ ಅವಕಾಶ ಸಿಗುವುದು ಕಷ್ಟ.

ಈಗ ನಮ್ಮ ದಾಸ್ತಾನಿಗೆ ಬರೋಣ. ನಾನು ಲೆಕ್ಕ ನೋಡುವ ವರ್ತಕರೊಬ್ಬರು ಕೈಗಾರಿಕಾ ಕೊಳವೆ, ಸೀಲು, ಓ-ರಿಂಗುಗಳ ವ್ಯಾಪಾರ ಮಾಡುತ್ತಾರೆ. ಪ್ರಾಮಾಣಿಕರು. ಅವರ ಗೋದಾಮಿನಲ್ಲಿ ಹಳೆಯ ಇಂಧನ ಕೊಳವೆಯ ಸುರುಳಿಗಳು ಬಹಳ ವರ್ಷಗಳಿಂದ ಪೂರ್ಣ ಬೆಲೆಗೇ ಪುಸ್ತಕದಲ್ಲಿ ನಿಂತಿದ್ದವು. ಅವುಗಳನ್ನು ತೆಗೆದುಹಾಕಬೇಕೆಂದಾಗ ಅವರು ಹೇಳಿದ್ದು: “ಸಾರ್, ಮಾಲು ಮುಟ್ಟಿ ನೋಡಿ, ಹೊಸದರ ಹಾಗಿದೆ. ಯಾಕೆ ರೈಟ್ ಆಫ್ ಮಾಡಬೇಕು?” ಮುಟ್ಟಿ ನೋಡಿದರೆ ನಿಜವಾಗಿಯೂ ಹೊಸದರಂತೆಯೇ ಇತ್ತು. ಆದರೆ ವಿಮಾನೋದ್ಯಮದಲ್ಲಿ ರಬ್ಬರಿನ ವಯಸ್ಸನ್ನು ಕೈಯಿಂದ ಮುಟ್ಟಿ ಹೇಳುವುದಿಲ್ಲ. ರಬ್ಬರನ್ನು ಬೇಯಿಸಿದ ವರ್ಷ ಮತ್ತು ತ್ರೈಮಾಸಿಕವನ್ನು ಕೊಳವೆ ಅಥವಾ ಪೊಟ್ಟಣದ ಮೇಲೆ ನಮೂದಿಸುತ್ತಾರೆ. ವಯಸ್ಸು ಅಲ್ಲಿಂದ ಎಣಿಕೆ, ನಾವು ಕೊಂಡ ಬಿಲ್ಲಿನ ದಿನಾಂಕದಿಂದ ಅಲ್ಲ. ನಮ್ಮ ಬಹುತೇಕ ದಾಸ್ತಾನು ಪುಸ್ತಕಗಳಲ್ಲಿ ಆ ಕಾಲಮ್ಮೇ ಇಲ್ಲ. ಲೆಕ್ಕ ಮಾನದಂಡ 2 ಹೇಳುವುದು ಸ್ಪಷ್ಟ: ದಾಸ್ತಾನನ್ನು ವೆಚ್ಚ ಮತ್ತು ನಿವ್ವಳ ಮಾರಾಟ ಮೌಲ್ಯ ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ವಯಸ್ಸು ಮೀರಿದ ವಿಮಾನದ ಕೊಳವೆಯ ಮಾರಾಟ ಮೌಲ್ಯ ಸೊನ್ನೆ. ಅದನ್ನು ಪೂರ್ಣ ಬೆಲೆಗೆ ತೋರಿಸುವುದು ಲೆಕ್ಕದಲ್ಲಿ ಸುಳ್ಳು, ಪೂರ್ಣ ಬೆಲೆಗೆ ಮಾರುವುದು ಅದಕ್ಕಿಂತ ಕೆಟ್ಟದ್ದು.

ಕಾನೂನೂ ಈಗ ಬದಲಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ 2020ರ ಜುಲೈನಿಂದ ಜಾರಿಯಲ್ಲಿದೆ. ತಯಾರಕನು ಕೊಟ್ಟ ಎಚ್ಚರಿಕೆಯನ್ನು ಕೊಳ್ಳುವವನಿಗೆ ದಾಟಿಸದ ಮಾರಾಟಗಾರನೂ, ತಯಾರಕ ಯಾರೆಂದು ತೋರಿಸಲಾಗದ ಮಾರಾಟಗಾರನೂ ಅದರಡಿ ಹೊಣೆಗಾರರಾಗಬಹುದು. ಹವ್ಯಾಸಕ್ಕಾಗಿ ವಿಮಾನ ಕಟ್ಟುವವನು ವ್ಯಾಪಾರಕ್ಕಾಗಿ ಕೊಳ್ಳುವವನಲ್ಲ, ಗ್ರಾಹಕ. ಸುರುಳಿಯಿಂದ ಒಂದು ಮೊಳ ಕತ್ತರಿಸಿ, ಮುದ್ರೆಯಿದ್ದ ತುಂಡನ್ನು ಅಂಗಡಿಯಲ್ಲೇ ಉಳಿಸಿಕೊಂಡು, ಬಿಲ್ಲಿನಲ್ಲಿ ಕೇವಲ ‘ರಬ್ಬರ್ ಹೋಸ್’ ಎಂದು ಬರೆದುಕೊಡುವ ನಮ್ಮ ಪದ್ಧತಿ ಇಂಥ ವ್ಯವಹಾರಕ್ಕೆ ಸಲ್ಲದು.

ಆದರೆ ತಪ್ಪನ್ನೆಲ್ಲ ವರ್ತಕರ ಮೇಲೆ ಹೊರಿಸಿದರೆ ನ್ಯಾಯವಾಗದು. ಹಳೆಯ ಸರಕನ್ನು ನಾಶಮಾಡುವವನಿಗೆ ನಮ್ಮ ತೆರಿಗೆ ಕಾನೂನು ದಂಡ ಹಾಕುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಪ್ರಕಾರ ಕಳೆದುಹೋದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ, ಪಡೆದದ್ದನ್ನು ಹಿಂದಿರುಗಿಸಬೇಕು. 1 ಲಕ್ಷ ರೂಪಾಯಿ ಬೆಲೆಯ ಕೊಳವೆಯನ್ನು ಶೇಕಡ 18ರ ತೆರಿಗೆಯೊಡನೆ ಕೊಂಡವನು ಅದನ್ನು ಸುಟ್ಟುಹಾಕಿದರೆ 1 ಲಕ್ಷದ ನಷ್ಟದ ಜೊತೆಗೆ 18,000 ರೂಪಾಯಿ ಕೈಯಿಂದ ಕಟ್ಟಬೇಕು. ಅದನ್ನೇ ಅರ್ಧ ಬೆಲೆಗೆ ಯಾರಿಗೋ ಸಾಗಹಾಕಿದರೆ ಜಮೆ ಉಳಿಯುತ್ತದೆ, 50,000 ರೂಪಾಯಿಯೂ ಬರುತ್ತದೆ. ಆದಾಯ ತೆರಿಗೆಯಲ್ಲಿ ನಷ್ಟಕ್ಕೆ ಮನ್ನಣೆ ಉಂಟು, ನಿಜ. ಆದರೆ ಕೈಯಿಂದ ಕಟ್ಟುವ ಹಣ ಕಟ್ಟಲೇಬೇಕು. ಅವಧಿ ಮೀರಿದ ಔಷಧಿಗಳ ವಿಷಯದಲ್ಲಿಯೂ 2018ರ ಅಕ್ಟೋಬರಿನ ಸುತ್ತೋಲೆ ಇದೇ ನಿಲುವನ್ನು ತಳೆಯಿತು. ಪ್ರಾಮಾಣಿಕನಿಗೆ ನಷ್ಟ, ಮತ್ತೊಬ್ಬನಿಗೆ ಲಾಭ ಎನ್ನುವಂತೆ ಕಾನೂನು ಇದ್ದರೆ ಗೋದಾಮಿನ ಹಳೆಯ ಸುರುಳಿ ಕೊನೆಗೆ ಯಾರದೋ ಟ್ಯಾಂಕಿಗೆ ಹೋಗಿ ಸೇರುತ್ತದೆ.

ನಮ್ಮ ಸಂಸ್ಥೆ ಪ್ರತಿ ವರ್ಷ ಆಯವ್ಯಯಕ್ಕೆ ಮುನ್ನ ಮನವಿಪತ್ರ ಸಲ್ಲಿಸುವುದುಂಟು. ಈ ಸಲ ಅದರಲ್ಲಿ ಒಂದು ಅಂಶ ಸೇರಬೇಕೆಂದು ತೆರಿಗೆ ಸಮಿತಿಯನ್ನು ಕೋರುತ್ತೇನೆ. ತಯಾರಕನೇ ಬಳಕೆಯ ಅವಧಿ ನಮೂದಿಸಿರುವ ಸುರಕ್ಷತಾ ಬಿಡಿಭಾಗಗಳನ್ನು ಅವಧಿ ಮೀರಿದ ನಂತರ ಲೆಕ್ಕಪರಿಶೋಧಕರ ಅಥವಾ ನೋಂದಾಯಿತ ಎಂಜಿನಿಯರರ ಪ್ರಮಾಣಪತ್ರದೊಡನೆ ನಾಶಮಾಡಿದರೆ, ಹೂಡುವಳಿ ಜಮೆಯನ್ನು ಹಿಂದಿರುಗಿಸಬೇಕಾಗಿಲ್ಲ ಎಂದು 17(5)(ಎಚ್)ಗೆ ಒಂದು ವಿನಾಯಿತಿ. ದುರುಪಯೋಗ ತಡೆಯಲು ಆ ಪ್ರಮಾಣಪತ್ರದಲ್ಲಿ ತಂಡದ ಸಂಖ್ಯೆ, ಬೇಯಿಸಿದ ತ್ರೈಮಾಸಿಕ, ಉದ್ದ ಅಥವಾ ಎಣಿಕೆ, ಮೂಲ ಬಿಲ್ಲಿನ ಸಂಖ್ಯೆ ಇಷ್ಟು ಇರಲಿ. ಅಷ್ಟರಲ್ಲಿ, ಮನವಿ ಫಲಿಸಲಿ ಬಿಡಲಿ, ಈ ಮಾರ್ಚ್ 31ರ ದಾಸ್ತಾನು ಎಣಿಕೆಯ ಪಟ್ಟಿಯಲ್ಲಿ ರಬ್ಬರ್ ವಸ್ತುಗಳಿಗೆ ‘ತಯಾರಾದ ತ್ರೈಮಾಸಿಕ’ ಎಂಬ ಒಂದು ಕಾಲಮ್ಮನ್ನು ಹಾಕಿಕೊಳ್ಳುವಂತೆ ನಾನು ಲೆಕ್ಕ ನೋಡುವ ಎಲ್ಲ ವರ್ತಕರಿಗೂ ಪತ್ರ ಬರೆದಿದ್ದೇನೆ. ಮುದ್ರೆ ಕಾಣದ ಸುರುಳಿಗಳಿಗೆ ಆ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದು, ಅವುಗಳನ್ನು ಬೇರೆ ಕಪಾಟಿನಲ್ಲಿ ಇಡಬೇಕು.